ಲಿಂಕನ್ನನ ಮುತ್ತಜ್ಜನ ಮುತ್ತಜ್ಜ

ಅಬ್ರಹಾಂ ಲಿಂಕನ್ ಬದುಕಿದ್ದಾಗಲೇ ಅವನ ಬೆನ್ನ ಹಿಂದೆ ಒಂದು ಗುಸುಗುಸು ಓಡಾಡುತ್ತಿತ್ತು. ಅವನ ಅಪ್ಪ ಅಮ್ಮನಿಗೆ ಮದುವೆಯೇ ಆಗಿರಲಿಲ್ಲವಂತೆ. ಅಪ್ಪ ಥಾಮಸ್ ಲಿಂಕನ್, ಅಮ್ಮ ನ್ಯಾನ್ಸಿ ಹ್ಯಾಂಕ್ಸ್. ಇಬ್ಬರೂ ಸಂಸಾರ ಹೂಡಿದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವಿನ ಒಂದು ಅಳತೆ ಎಂದುಕೊಳ್ಳಿ. ಅದರ ಕೇಂದ್ರ ಎಲಿಜಬೆತ್‌ಟೌನ್. ಅಲ್ಲಿನ ಕೋರ್ಟಿನ ದಫ್ತರದಲ್ಲಿ ಹುಡುಕಿದವರಿಗೆ ಥಾಮಸನ ಮದುವೆಯ ದಾಖಲೆ ಸಿಗುತ್ತದೆ, ನಿಜ. ಆದರೆ ಅದು 1819ರದ್ದು. ನ್ಯಾನ್ಸಿ ತೀರಿಕೊಂಡ ಮೇಲೆ ಸಾರಾ ಬುಷ್ ಜಾನ್‌ಸ್ಟನ್ ಎಂಬ ವಿಧವೆಯನ್ನು ಅವನು ಮಾಡಿಕೊಂಡದ್ದು. ಮೊದಲ ಮದುವೆಯ ಸುಳಿವೇ ಇಲ್ಲ. ಎರಡನೆಯದಕ್ಕೆ ಕಾಗದ ಇದೆ, ಮೊದಲನೆಯದಕ್ಕೆ ಇಲ್ಲ ಎಂದರೆ ಊರ ಬಾಯಿಗೆ ಇನ್ನೇನು ಬೇಕು?

ಆ ಕೋರ್ಟಿನಲ್ಲಿ ಬಹುಕಾಲ ಗುಮಾಸ್ತನಾಗಿದ್ದ ಸ್ಯಾಮ್ಯುಯೆಲ್ ಹೇಕ್ರಾಫ್ಟ್ ಎಂಬವನು 1860ರಲ್ಲಿ ಲಿಂಕನ್ನನಿಗೆ ಪತ್ರ ಬರೆದ. ಅವನು ಸಾರಾಳನ್ನೇ ಲಿಂಕನ್ನನ ಹೆತ್ತಮ್ಮ ಎಂದು ತಿಳಿದಿದ್ದ. ದಫ್ತರ ಹೇಳುತ್ತಿದ್ದದ್ದೂ ಅಷ್ಟೇ ತಾನೆ! ಲಿಂಕನ್ ವಿನಯದಿಂದಲೇ ತಿದ್ದಿ ಬರೆದ: ಸಾರಾ ತನ್ನ ತಂದೆಯ ಎರಡನೆಯ ಹೆಂಡತಿ, ತನ್ನ ತಾಯಿ ನ್ಯಾನ್ಸಿ ಹ್ಯಾಂಕ್ಸ್.

ಕಾಗದ ಕೊನೆಗೆ ಸಿಕ್ಕಿದ್ದು 1878ರಲ್ಲಿ, ಲಿಂಕನ್ ಕೊಲೆಯಾಗಿ 13 ವರ್ಷ ಕಳೆದ ಮೇಲೆ. ಸಿಕ್ಕ ಜಾಗ ಹಾರ್ಡಿನ್ ಅಲ್ಲ, ಕೆಂಟಕಿಯದೇ ಆದ ವಾಷಿಂಗ್ಟನ್ ಕೌಂಟಿಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ದಫ್ತರ. ಲಿಂಕನ್ ವಕೀಲಿ ಮಾಡಿಕೊಂಡಿದ್ದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದುಕೊಂಡವರು ಕಡಿಮೆಯಿಲ್ಲ. ಸಿಕ್ಕಿದ್ದು ಏನೆಂದರೆ 1806ರ ಜೂನ್ 10ರಂದು ಥಾಮಸ್ ಬರೆದುಕೊಟ್ಟ 50 ಪೌಂಡಿನ ಮುಚ್ಚಳಿಕೆ. ಈ ಮದುವೆಗೆ ಕಾನೂನಿನ ಅಡ್ಡಿ ಇಲ್ಲ, ಇದ್ದರೆ ಇಷ್ಟು ಹಣ ಕಟ್ಟುತ್ತೇವೆ ಎಂದು ಗಂಡು ಮತ್ತು ಒಬ್ಬ ಜಾಮೀನುದಾರ ಸೇರಿ ಸರ್ಕಾರಕ್ಕೆ ಬರೆದುಕೊಡುವ ಕಾಗದ ಅದು. ಜಾಮೀನು ನಿಂತವನು ರಿಚರ್ಡ್ ಬೆರಿ. ನ್ಯಾನ್ಸಿ ಆಗ ಬೆರಿ ಮನೆಯವರ ಆಸರೆಯಲ್ಲಿದ್ದಳು. ಮುಚ್ಚಳಿಕೆ ಬರೆದ ಮಾತ್ರಕ್ಕೆ ಮದುವೆ ಆಯಿತೆಂದು ಹೇಳಲಾಗದು, ಬರೆದ ಮೇಲೆ ಮುರಿದುಬಿದ್ದ ಸಂಬಂಧಗಳೂ ಇರುತ್ತವೆ. ಅದಕ್ಕೆ ಪಾದ್ರಿಯ ವರದಿ ಬೇಕು. ಅದೂ ಸಿಕ್ಕಿತು. ಮೆಥಡಿಸ್ಟ್ ಪಾದ್ರಿ ಜೆಸ್ಸಿ ಹೆಡ್ ತಾನು ನಡೆಸಿಕೊಟ್ಟ ಮದುವೆಗಳ ಪಟ್ಟಿಯನ್ನು ಕೋರ್ಟಿಗೆ ಒಪ್ಪಿಸಿದ್ದ. ಅದರಲ್ಲಿ ಜೂನ್ 12ರ ಮದುವೆ ಇತ್ತು.

ಮದುವೆ ಹೆಣ್ಣಿನ ಕಡೆ ನಡೆದಿತ್ತು, ಜನ ಗಂಡಿನ ಕಡೆ ಹುಡುಕುತ್ತಿದ್ದರು. ಗುಟ್ಟು ಇಷ್ಟೇ.

ನಾನು ಲಿಂಕನ್ನನ ವಂಶದ ಕಥೆಯನ್ನು ಇಲ್ಲಿಂದ ಶುರುಮಾಡಿದ್ದಕ್ಕೆ ಕಾರಣವಿದೆ. 19ನೇ ಶತಮಾನದ ಒಬ್ಬ ಅಮೆರಿಕನ್ನನ ಪೂರ್ವಿಕರನ್ನು ಹುಡುಕಲು ಹೊರಟರೆ ‘ಅವನು ಯಾರ ಮಗ’ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಆ ಕಾಗದ ಆಗ ಯಾವ ಕೋರ್ಟಿನಲ್ಲಿ ಇದ್ದಿರಬೇಕು’ ಎನ್ನುವುದು. ನಮ್ಮಲ್ಲಿ ಹಳ್ಳಿಗೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು ಮನೆ ಮುಂದೆ ನಿಂತು, ನಿಮ್ಮ ಮೂಲಪುರುಷ ಇಂಥವನು, ಇಂಥ ಊರಿನಿಂದ ಬಂದವನು, ಅವನಿಗೆ ಇಷ್ಟು ಮಕ್ಕಳು ಎಂದು ತಲೆಮಾರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಅಮೆರಿಕದ ಗಡಿನಾಡಿನ ರೈತನಿಗೆ ಅಂಥವರು ಯಾರೂ ಇರಲಿಲ್ಲ. ಅವನ ವಂಶವನ್ನು ನೆನಪಿಟ್ಟುಕೊಂಡದ್ದು ಜಮೀನಿನ ಕ್ರಯಪತ್ರ, ಉಯಿಲು, ತೆರಿಗೆ ಪಟ್ಟಿ, ಚರ್ಚಿನ ಪುಸ್ತಕ. ಇವುಗಳಲ್ಲಿ ಯಾವುದನ್ನೂ ವಂಶಾವಳಿ ಬರೆಯಬೇಕೆಂದು ಬರೆದದ್ದಲ್ಲ.

ಜನನ ಪ್ರಮಾಣಪತ್ರ ಇಲ್ಲವೇ ಎಂದರೆ, ಲಿಂಕನ್ನನಿಗೆ ಇರಲಿಲ್ಲ. ಮ್ಯಾಸಚೂಸೆಟ್ಸ್ 1841ರಲ್ಲೇ ರಾಜ್ಯದುದ್ದಕ್ಕೂ ಜನನ ಮರಣ ನೋಂದಣಿ ಶುರುಮಾಡಿತು. ಕೆಂಟಕಿಯಲ್ಲಿ ಅದು ನೆಟ್ಟಗಾದದ್ದು 1911ರಲ್ಲಿ. ಎಲ್ಲ ರಾಜ್ಯಗಳೂ ಒಂದೇ ವ್ಯವಸ್ಥೆಯೊಳಗೆ ಬರುವ ಹೊತ್ತಿಗೆ 1933 ಆಗಿತ್ತು. ಅದಕ್ಕೆ ಮೊದಲು ಹುಟ್ಟಿದವರ ಬಗ್ಗೆ ಸರ್ಕಾರಕ್ಕಿಂತ ಮನೆಯ ಬೈಬಲ್ಲಿಗೇ ಹೆಚ್ಚು ಗೊತ್ತಿರುತ್ತಿತ್ತು. ಅದರ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ವಾಡಿಕೆ. ಥಾಮಸನ ಮನೆಯ ಬೈಬಲ್ಲಿನಲ್ಲಿ ಅಬ್ರಹಾಮನೇ ಕೈಯಾರೆ ಬರೆದ ಅಂಥ ಹಾಳೆ ಇತ್ತು. ಇಂದು ಅದರ ಒಂದು ಭಾಗ ಹರಿದು ಹೋಗಿದೆ.

ಇನ್ನು ಜನಗಣತಿ. ಅಮೆರಿಕದಲ್ಲಿ 1790ರಿಂದ 10 ವರ್ಷಕ್ಕೊಮ್ಮೆ ತಪ್ಪದೆ ನಡೆದಿದೆ ಎಂದು ಕೇಳಿ ಖುಷಿಪಡಬೇಡಿ. 1840ರವರೆಗಿನ ಪಟ್ಟಿಗಳಲ್ಲಿ ಹೆಸರು ಇರುವುದು ಮನೆಯ ಯಜಮಾನನದು ಮಾತ್ರ. ಉಳಿದವರು ವಯಸ್ಸಿನ ಅಂಕಣಗಳಲ್ಲಿ ಬರೀ ಸಂಖ್ಯೆ. 1809ರ ಫೆಬ್ರವರಿ 12ರಂದು ಹುಟ್ಟಿದ ಮಗು 1810ರ ಗಣತಿಯ ಲೆಕ್ಕದಲ್ಲಿ ‘10 ವರ್ಷದೊಳಗಿನ ಗಂಡು’ ಎಂಬ ಅಂಕಣದ ಒಂದು ಅಂಕಿ, ಅಷ್ಟೇ. ಮನೆಯಲ್ಲಿರುವ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು ಬಂದದ್ದು 1850ರಲ್ಲಿ. ಯಜಮಾನನಿಗೆ ಅವರು ಏನಾಗಬೇಕು ಎಂದು ಕೇಳಿ ಬರೆದದ್ದು 1880ರಲ್ಲಿ. 1890ರ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಿಂದ ನಷ್ಟವಾದವು. ಹಾಗಾಗಿ 1880ಕ್ಕೂ 1900ಕ್ಕೂ ನಡುವೆ 20 ವರ್ಷದ ಹೊಂಡ ಬಿದ್ದಿದೆ. ಆ ಹೊಂಡದಲ್ಲಿ ಹುಟ್ಟಿ ಸತ್ತ ಮಕ್ಕಳು ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಇಲ್ಲವೇ ಇಲ್ಲ.

ಹೆಸರು ಬಂದಮೇಲೂ ನಂಬುವ ಹಾಗಿಲ್ಲ. 1850ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಲಿಂಕನ್ ಮನೆಗೆ ಗಣತಿಯವನು ಬಂದಾಗ ಹೆಂಡತಿ ಮೇರಿಯ ವಯಸ್ಸು 28 ಎಂದು ಬರೆದುಕೊಂಡ. 1860ರಲ್ಲಿ ಮತ್ತೆ ಬಂದಾಗ 35 ಆಗಿತ್ತು. 10 ವರ್ಷದಲ್ಲಿ ಆಕೆಗೆ 7 ವರ್ಷ ತುಂಬಿತ್ತು! ಮೇರಿ ಹುಟ್ಟಿದ್ದು 1818ರ ಡಿಸೆಂಬರಿನಲ್ಲಿ. ಅಂದರೆ ಎರಡನೆಯ ಸಲ ಆಕೆಗೆ 41. ಗಣತಿಯವನಿಗೆ ಉತ್ತರ ಕೊಟ್ಟವರು ಯಾರು, ಬಾಗಿಲಲ್ಲಿ ನಿಂತವಳು ಕೆಲಸದವಳೋ ಯಜಮಾನಿಯೋ ಎಂಬುದನ್ನು ಆ ಹಾಳೆ ಹೇಳುವುದಿಲ್ಲ. ಗಣತಿಯಲ್ಲಿ ಕಂಡ ವಯಸ್ಸನ್ನು ಹುಟ್ಟಿದ ವರ್ಷವಾಗಿ ಲೆಕ್ಕ ಹಾಕಿ ಬರೆದುಕೊಳ್ಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಅಪ್ಪನ ಕಡೆಯ ಹುಡುಕಾಟ ಎಲ್ಲಿಂದ ಶುರುವಾಗಬೇಕು? ಮನೆಯವರ ಮಾತಿನಿಂದ. ಅದು ಲಿಂಕನ್ನನ ಪತ್ರಗಳಲ್ಲೇ ಇದೆ. 1848ರಲ್ಲಿ ಅವನು ಸಂಸತ್ತಿನ ಸದಸ್ಯ. ಮ್ಯಾಸಚೂಸೆಟ್ಸಿನ ಹಿಂಗ್ಹ್ಯಾಮ್ ಊರಿನ ಸಾಲೊಮನ್ ಲಿಂಕನ್ ಎಂಬವನು, ನಾವೂ ನೀವೂ ಒಂದೇ ಮನೆತನವೇ ಎಂದು ವಿಚಾರಿಸಿದ. ಲಿಂಕನ್ ಕೊಟ್ಟ ಉತ್ತರದ ಸಾರ ಇಷ್ಟು: ಅಪ್ಪ ಥಾಮಸ್, ಅಜ್ಜನ ಹೆಸರೂ ನನ್ನದೇ, ಅಬ್ರಹಾಂ, ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ 1782ರ ಸುಮಾರಿಗೆ ಕೆಂಟಕಿಗೆ ಹೋದವನು, ಎರಡು ವರ್ಷದ ಮೇಲೆ ಮೂಲನಿವಾಸಿಗಳ ಕೈಯಲ್ಲಿ ಸತ್ತ, ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾಕ್ಕೆ ಬಂದ ಕ್ವೇಕರ್ (ಕ್ವೇಕರರು ಒಂದು ಕ್ರೈಸ್ತ ಪಂಗಡ) ಎಂದು ಮನೆಯಲ್ಲಿ ಮಬ್ಬಾಗಿ ಹೇಳುತ್ತಾರೆ. ಅಪ್ಪ 6 ವರ್ಷಕ್ಕೇ ತಬ್ಬಲಿಯಾದವನು, ಓದು ಬರಹ ಬಾರದವನು, ಆದ್ದರಿಂದ ಇದಕ್ಕಿಂತ ಹೆಚ್ಚು ತಿಳಿಯದು.

ಹುಡುಕುವವನ ಕಣ್ಣಲ್ಲಿ ಈ ಪತ್ರ ಒಂದು ಚಿನ್ನದ ಗಣಿ. ಇದರಲ್ಲಿರುವ ಊರುಗಳ ಸರಣಿ ಪೂರ್ತಿ ಸರಿ. ಪೆನ್ಸಿಲ್ವೇನಿಯಾ, ವರ್ಜೀನಿಯಾ, ಕೆಂಟಕಿ, ಅದೇ ಕ್ರಮದಲ್ಲಿ. ವರ್ಷ ತಪ್ಪು. ಅಜ್ಜ ಅಬ್ರಹಾಂ ಕೊಲೆಯಾದದ್ದು 1786ರ ಮೇ ತಿಂಗಳಲ್ಲಿ. ಥಾಮಸ್ ಹುಟ್ಟಿದ್ದು 1778ರ ಜನವರಿ, ಆಗ ಅವನಿಗೆ 8 ವರ್ಷ. ಲಿಂಕನ್ನನ ಲೆಕ್ಕ ನೋಡಿ: 1784ರಲ್ಲಿ ಅಜ್ಜ ಸತ್ತ, ಅಪ್ಪನಿಗೆ 6. ಎರಡೂ ಒಂದಕ್ಕೊಂದು ತಾಳೆಯಾಗುತ್ತವೆ, ಎರಡೂ ತಪ್ಪು! ಮನೆಯ ಮಾತಿನಲ್ಲಿ ಎರಡು ಸಂಗತಿ ಕೂಡಿಬಂದರೆ ಸಾಕ್ಷಿ ಎರಡಾಯಿತು ಎಂದುಕೊಳ್ಳುತ್ತೇವೆ. ಒಂದರಿಂದ ಇನ್ನೊಂದನ್ನು ಕಳೆದು ಕೂಡಿ ಮಾಡಿಕೊಂಡಿರುತ್ತಾರೆ, ಸಾಕ್ಷಿ ಒಂದೇ ಆಗಿರುತ್ತದೆ.

ಆ ಸಾವಿನ ಕಥೆ ಲಿಂಕನ್ನನ ಮನಸ್ಸಿನಲ್ಲಿ ಬೇರೆಲ್ಲ ಕಥೆಗಳಿಗಿಂತ ಆಳವಾಗಿ ಬೇರುಬಿಟ್ಟಿತ್ತು. ಕಾಡು ಕಡಿದು ಹೊಲ ಮಾಡುತ್ತಿದ್ದ ಅಜ್ಜ ಗುಂಡೇಟಿಗೆ ಬಿದ್ದ. ನಡುವಿನ ಮಗ ಜೋಸೈಯಾ ಸಹಾಯಕ್ಕೆಂದು ಕೋಟೆಯ ಕಡೆ ಓಡಿದ. ಕಿರಿಯವನು ಥಾಮಸ್ ಹೆಣದ ಪಕ್ಕದಲ್ಲೇ ಉಳಿದ. ಹುಡುಗನ ಕಡೆಗೆ ಬರುತ್ತಿದ್ದವನನ್ನು ಹಿರಿಯ ಮಗ ಮಾರ್ಡಿಕೈ ಗುಡಿಸಲೊಳಗಿಂದ ಗುರಿಯಿಟ್ಟು ಹೊಡೆದ. ಈ ದೊಡ್ಡಪ್ಪನಿಗೇ ಆಮೇಲೆ ಆಸ್ತಿಯೂ ಹೋಯಿತು. ಕೆಂಟಕಿ ಆಗ ವರ್ಜೀನಿಯಾದ ಭಾಗ. ಉಯಿಲು ಬರೆಯದೆ ಸತ್ತವನ ಜಮೀನೆಲ್ಲ ಹಿರಿಮಗನಿಗೆ ಎಂಬುದು ಅಲ್ಲಿನ ಕಾನೂನು. ಅದನ್ನು ತೆಗೆದುಹಾಕುವ ಕಾಯ್ದೆ 1785ರಲ್ಲೇ ಪಾಸಾಗಿತ್ತು, ಜಾರಿಗೆ ಬಂದದ್ದು 1787ರ ಜನವರಿ 1ರಂದು. ಅಜ್ಜ ಇನ್ನೊಂದು ಎಂಟು ತಿಂಗಳು ಬದುಕಿದ್ದರೆ ಥಾಮಸನಿಗೂ ಪಾಲು ಬರುತ್ತಿತ್ತು. ಅವನು ಬಡವನಾಗಿ, ಬಡಗಿ ಕೆಲಸ ಕಲಿತು, ಊರೂರು ತಿರುಗಿದ್ದಕ್ಕೆ ಒಂದು ತಾರೀಕೂ ಕಾರಣ. ವಂಶ ಹುಡುಕುವವರು ಆಸ್ತಿ ಕಾನೂನು ಓದಬೇಕು ಎನ್ನುವುದು ಇದಕ್ಕೇ.

ಕಾಗದದಲ್ಲಿ ಹೆಸರನ್ನು ಹುಡುಕುವುದೂ ಸುಲಭವಲ್ಲ. ಇದೇ ಅಜ್ಜ ಕೆಂಟಕಿಯಲ್ಲಿ ಜಮೀನು ಪಡೆದ 1780ರ ಹಕ್ಕುಪತ್ರದಲ್ಲಿ ಅವನ ಹೆಸರು ‘ಅಬ್ರಹಾಂ ಲಿಂಕ್‌ಹಾರ್ನ್’. ಬರೆದ ಗುಮಾಸ್ತ ಕಿವಿಗೆ ಕೇಳಿದ್ದನ್ನು ಬರೆದ. ಅಕ್ಷರಕ್ಕೆ ಅಂಟಿಕೊಂಡು ಹುಡುಕುವವನಿಗೆ ಈ ಮನುಷ್ಯ ಸಿಗುವುದೇ ಇಲ್ಲ. ಇಂದಿನ ಕಂಪ್ಯೂಟರ್ ಸೂಚಿಗಳಲ್ಲೂ ಇದೇ ಪಾಡು. ಹೆಸರನ್ನು ಬಾಯಿಬಿಟ್ಟು ಓದಿ ನೋಡಬೇಕು, ನಾಲ್ಕು ಬಗೆಯಲ್ಲಿ ಬರೆದು ನೋಡಬೇಕು.

ಸಂಬಂಧದ ಪದಗಳದ್ದು ಇನ್ನೊಂದು ತಕರಾರು. ನಮಗೆ ಚಿಕ್ಕಪ್ಪನ ಮಗ ಬೇರೆ, ಸೋದರತ್ತೆಯ ಮಗ ಬೇರೆ. ಅವರ ‘ಕಸಿನ್’ ಇಬ್ಬರನ್ನೂ ನುಂಗುತ್ತದೆ, ಹಳೆಯ ಉಯಿಲುಗಳಲ್ಲಿ ಅಣ್ಣನ ಮಗನನ್ನೂ ನುಂಗಿರುತ್ತದೆ. ‘ಸನ್ ಇನ್ ಲಾ’ ಎಂದರೆ ಅಳಿಯ ಎಂದು ಕಣ್ಣುಮುಚ್ಚಿ ಬರೆದುಕೊಂಡರೆ ಕೆಟ್ಟಿರಿ, ಆ ಕಾಲದಲ್ಲಿ ಹೆಂಡತಿಯ ಮೊದಲ ಗಂಡನ ಮಗನಿಗೂ ಅದೇ ಮಾತು. ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ಅಪ್ಪ ಮಗ ಆಗಿರಬೇಕಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಾದವನು ಸೀನಿಯರ್, ಅಷ್ಟೇ. ಅವನು ಸತ್ತ ಮರುದಿನ ಜೂನಿಯರನೇ ಸೀನಿಯರ್.

ಅಜ್ಜನಿಂದ ಹಿಂದಕ್ಕೆ ಹೋಗೋಣ. ಮುತ್ತಜ್ಜ ಜಾನ್ ಲಿಂಕನ್ 1768ರಲ್ಲಿ ವರ್ಜೀನಿಯಾದ ಲಿನ್‌ವಿಲ್ ಹಳ್ಳದ ದಂಡೆಗೆ ಬಂದು ನೆಲೆಸಿದ. ಆದರೆ ರಾಕಿಂಗ್‌ಹ್ಯಾಮ್ ಕೌಂಟಿ ಹುಟ್ಟಿದ್ದೇ 1778ರಲ್ಲಿ, ಆಗಸ್ಟಾ ಕೌಂಟಿಯಿಂದ ಒಡೆದು. ಅವನು ಜಮೀನು ಕೊಂಡ ಕಾಗದ ಹುಡುಕಬೇಕಾದದ್ದು ಆಗಸ್ಟಾದಲ್ಲಿ. ಅವನ ಅಪ್ಪನ ಮನೆ ಇರುವ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯೂ ಹಾಗೆಯೇ. ಅದು 1752ರಲ್ಲಿ ಹುಟ್ಟಿತು, ಅಪ್ಪ ಸತ್ತದ್ದು 1736ರಲ್ಲಿ. ಬರ್ಕ್ಸ್‌ನಲ್ಲಿ ಅವನ ಉಯಿಲು ಹುಡುಕಿದರೆ ಹೇಗೆ ಸಿಗುತ್ತದೆ? ಲಿಂಕನ್ ಹುಟ್ಟಿದ ಹೊಲವೇ ಆಗ ಹಾರ್ಡಿನ್ ಕೌಂಟಿಯಲ್ಲಿತ್ತು, 1843ರಿಂದ ಲಾರೂ ಕೌಂಟಿಯಲ್ಲಿದೆ. ಹೊಲ ಅಲ್ಲಾಡಿಲ್ಲ, ಗಡಿ ಅಲ್ಲಾಡಿದೆ. ಕೌಂಟಿ ಒಡೆದಾಗ ಹಳೆಯ ಪುಸ್ತಕಗಳು ಹಳೆಯ ಮನೆಯಲ್ಲೇ ಉಳಿಯುವುದು ವಾಡಿಕೆ. ಆದ್ದರಿಂದ ಅನುಭವಸ್ಥರು ಹೆಸರು ಹುಡುಕುವ ಮೊದಲು ಪ್ರತಿ ವರ್ಷದ ಕೌಂಟಿ ನಕ್ಷೆಯನ್ನು ಮುಂದೆ ಹಾಸಿಕೊಳ್ಳುತ್ತಾರೆ.

ಜಾನನ ಅಪ್ಪನ ಹೆಸರೂ ಮಾರ್ಡಿಕೈ. ಅವನು 1733ರಲ್ಲಿ ಕಟ್ಟಿದ ಕಲ್ಲಿನ ಮನೆ ಎಕ್ಸೆಟರ್ ಟೌನ್‌ಶಿಪ್ಪಿನಲ್ಲಿ ಇವತ್ತಿಗೂ ನಿಂತಿದೆ. ಜಾನ್ ಅವನ ಮಗನೇ ಎಂದು ಗೊತ್ತಾದದ್ದು ಹೇಗೆ? ಮಾರ್ಡಿಕೈ ತನ್ನ ಉಯಿಲಿನಲ್ಲಿ ನ್ಯೂಜೆರ್ಸಿಯ 300 ಎಕರೆಯನ್ನು ಜಾನ್ ಎಂಬ ಮಗನಿಗೆ ಬಿಟ್ಟಿದ್ದ. 1748ರಲ್ಲಿ ಪೆನ್ಸಿಲ್ವೇನಿಯಾದ ಜಾನ್ ಲಿಂಕನ್ ಎಂಬವನು ಆ 300 ಎಕರೆಯನ್ನು ಮಾರಿದ, ಕ್ರಯಪತ್ರದಲ್ಲಿ ತಾನು ಮಾರ್ಡಿಕೈಯ ಮಗ ಎಂದು ಹೇಳಿಕೊಂಡ. ಹೆಸರು ಯಾರಿಗೆ ಬೇಕಾದರೂ ಇರಬಹುದು. ಅದೇ ಜಮೀನನ್ನು ಮಾರುವ ಹಕ್ಕು ಒಬ್ಬನಿಗೇ ಇರುವುದು. ನನ್ನ ಮಟ್ಟಿಗೆ ಇಡೀ ವಂಶಾವಳಿಯಲ್ಲಿ ಇದಕ್ಕಿಂತ ಗಟ್ಟಿಯಾದ ಕೊಂಡಿ ಇನ್ನೊಂದಿಲ್ಲ.

ಇಲ್ಲಿ ‘ಮುತ್ತಜ್ಜ ಕ್ವೇಕರ್’ ಎಂಬ ಮನೆಮಾತನ್ನೂ ಪರೀಕ್ಷಿಸಬಹುದು. ಕ್ವೇಕರರು ಸಭೆಯ ನಡಾವಳಿಯನ್ನು ಅಚ್ಚುಕಟ್ಟಾಗಿ ಬರೆದಿಡುವವರು. ಯಾರು ಯಾವ ಸಭೆಯಿಂದ ಎಲ್ಲಿಗೆ ಹೋದರು, ಯಾರು ಮತದ ಹೊರಗೆ ಮದುವೆಯಾದರು, ಎಲ್ಲವೂ ಅಲ್ಲಿರುತ್ತದೆ. ಜಾನನ ಮಲತಮ್ಮ, ಅವನ ಹೆಸರೂ ಅಬ್ರಹಾಮೇ, 1760ರಲ್ಲಿ ಆನ್ ಬೂನ್ ಎಂಬ ಕ್ವೇಕರ್ ಹುಡುಗಿಯನ್ನು ಮದುವೆಯಾದ. ಗಡಿನಾಡಿನ ಹೆಸರಾಂತ ಸಾಹಸಿ ಡೇನಿಯಲ್ ಬೂನ್ ಆಕೆಯ ದಾಯಾದಿ. ಎರಡೂ ಮನೆತನ ಎಕ್ಸೆಟರಿನಲ್ಲಿ ನೆರೆಹೊರೆ. ಮತದ ಹೊರಗಿನವನನ್ನು ಕಟ್ಟಿಕೊಂಡಳೆಂದು ಸಭೆ ಆಕೆಯನ್ನು ಆಕ್ಷೇಪಿಸಿತು. ಲಿಂಕನ್ನರು ಕ್ವೇಕರರಾಗಿದ್ದರೆ ಆಕ್ಷೇಪ ಏಕೆ? ಕ್ವೇಕರರ ನಡುವೆ ಬಾಳಿದ್ದು, ಅವರಲ್ಲಿ ಸಂಬಂಧ ಬೆಳೆಸಿದ್ದು ಮೂರು ತಲೆಮಾರು ದಾಟುವಾಗ ‘ನಾವೇ ಕ್ವೇಕರರು’ ಎಂದಾಗಿರಬೇಕು. ಮನೆಯ ಮಾತು ಸುಳ್ಳು ಹೇಳುವುದಿಲ್ಲ, ತುಸು ಜಾರುತ್ತದೆ.

ಈ ಮಾರ್ಡಿಕೈ ಎಲ್ಲಿಯವನು? ಲಿಂಕನ್ನನಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. 1859ರಲ್ಲಿ ಗೆಳೆಯನೊಬ್ಬ ಕೇಳಿದ್ದಕ್ಕೆ ಬರೆದುಕೊಟ್ಟ ಸಣ್ಣ ಆತ್ಮಪರಿಚಯದಲ್ಲಿ, ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್ ಸೇರಿದಂತೆ ಈಶಾನ್ಯದ ರಾಜ್ಯಗಳ) ಲಿಂಕನ್ನರಿಗೂ ನಮಗೂ ನಂಟು ಕಟ್ಟುವ ಪ್ರಯತ್ನ ನಡೆಯಿತು, ಎರಡೂ ಕಡೆ ಈನಕ್, ಲೆವೈ, ಮಾರ್ಡಿಕೈ, ಸಾಲೊಮನ್, ಅಬ್ರಹಾಂ ಎಂಬಂಥ ಹೆಸರುಗಳಿವೆ ಎನ್ನುವುದನ್ನು ಬಿಟ್ಟರೆ ಖಚಿತವಾಗಿ ಏನೂ ಸಿಗಲಿಲ್ಲ ಎಂದಿದ್ದಾನೆ. ಇದು ವಕೀಲನ ಎಚ್ಚರ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮ ಹಾಗೆ ಅವರಲ್ಲೂ ಇತ್ತು, ಹೆಸರುಗಳು ಮನೆತನದಲ್ಲಿ ಸುತ್ತು ಹೊಡೆಯುತ್ತವೆ. ಆದರೆ ಅವೆಲ್ಲ ಬೈಬಲ್ಲಿನ ಹೆಸರುಗಳು, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹೆಸರಿನ ಹೋಲಿಕೆ ಸುಳಿವು ಕೊಟ್ಟೀತು, ಪುರಾವೆ ಆಗದು. ಇಂದು ಇಂಟರ್ನೆಟ್ಟಿನ ವಂಶವೃಕ್ಷಗಳಲ್ಲಿ ಅರ್ಧಕ್ಕರ್ಧ ತಪ್ಪು ಹುಟ್ಟುವುದು ಲಿಂಕನ್ ಎಳೆಯಲು ಒಲ್ಲದ ಈ ಗೆರೆಯನ್ನು ಎಳೆದುಬಿಡುವುದರಿಂದಲೇ ಎಂದು ನನ್ನ ಗುಮಾನಿ.

ಅವನ ಅನುಮಾನ ಮಾತ್ರ ಸರಿಯಾದ ದಿಕ್ಕಿನಲ್ಲೇ ಇತ್ತು. ಮುಂದೆ ಹುಡುಕಿದವರಿಗೆ ಮ್ಯಾಸಚೂಸೆಟ್ಸಿನ ಸಿಚುಯೇಟ್ ಊರಿನಲ್ಲಿ 1727ರಲ್ಲಿ ಸತ್ತ ಇನ್ನೊಬ್ಬ ಮಾರ್ಡಿಕೈ ಲಿಂಕನ್ ಸಿಕ್ಕ. ಅವನ ಉಯಿಲಿನಲ್ಲಿ ಮಾರ್ಡಿಕೈ, ಅಬ್ರಹಾಂ ಎಂಬ ಗಂಡುಮಕ್ಕಳಿದ್ದರು, ಇಬ್ಬರೂ ಆ ಊರು ಬಿಟ್ಟು ಹೋದವರು. ಕಸುಬೂ ಕೂಡಿಬಂತು. ಅಪ್ಪನದು ಕಬ್ಬಿಣದ ಕೆಲಸ. ಪೆನ್ಸಿಲ್ವೇನಿಯಾಕ್ಕೆ ಹೋದ ಮಗ ಅಲ್ಲಿನ ಕೋವೆಂಟ್ರಿ ಎಂಬಲ್ಲಿ ಕಬ್ಬಿಣ ಕಾಯಿಸುವ ಕುಲುಮೆಯಲ್ಲಿ ಪಾಲುದಾರ. ಸಿಚುಯೇಟಿನ ಮಾರ್ಡಿಕೈಯ ಅಪ್ಪ ಸ್ಯಾಮ್ಯುಯೆಲ್ ಲಿಂಕನ್, 1637ರಲ್ಲಿ ಇಂಗ್ಲೆಂಡಿನ ನಾರ್ಫಕ್‌ನಿಂದ ಹಡಗು ಹತ್ತಿ ಮ್ಯಾಸಚೂಸೆಟ್ಸಿನ ಹಿಂಗ್ಹ್ಯಾಮಿನಲ್ಲಿ ನೆಲೆನಿಂತ ನೇಕಾರ. ಲಿಂಕನ್ನನ ಮುತ್ತಜ್ಜನ ಮುತ್ತಜ್ಜ. 1848ರಲ್ಲಿ ಹಿಂಗ್ಹ್ಯಾಮಿನಿಂದಲೇ ಪತ್ರ ಬರೆದು ‘ನಾವೂ ನೀವೂ ಒಂದೇನಾ’ ಎಂದು ಕೇಳಿದ ಸಾಲೊಮನನ ಊಹೆ ನಿಜವಾಗಿತ್ತು.

ಸ್ಯಾಮ್ಯುಯೆಲನಿಗೂ ಒಂದು ವಯಸ್ಸಿನ ತೊಡಕಿದೆ. ಹೊರನಾಡಿಗೆ ಹೋಗುವವರ ಪಟ್ಟಿಯಲ್ಲಿ ಅವನು ನಾರ್ವಿಚ್‌ನ ನೇಕಾರನೊಬ್ಬನ ಕೆಲಸದ ಹುಡುಗ, ವಯಸ್ಸು 18. ಊರ ಚರ್ಚಿನ ಪುಸ್ತಕದಲ್ಲಿ ಅವನಿಗೆ ದೀಕ್ಷಾಸ್ನಾನವಾದದ್ದು 1622ರ ಆಗಸ್ಟಿನಲ್ಲಿ. ಆ ಲೆಕ್ಕಕ್ಕೆ ಇನ್ನೂ 15 ತುಂಬಿರಲಿಲ್ಲ. ಹಡಗು ಹತ್ತಲು ವಯಸ್ಸು ಏರಿಸಿ ಹೇಳಿದ್ದನೋ ಏನೋ. ಅವನ ಅಪ್ಪ ಎಡ್ವರ್ಡ್‌ಗೆ ಹಿರಿಯ ಮಗನಾಗಿದ್ದೂ ಆಸ್ತಿ ಸಿಕ್ಕಿರಲಿಲ್ಲ. ಸ್ಯಾಮ್ಯುಯೆಲನ ತಾತ ರಿಚರ್ಡ್ ಕೊನೆಯ ಹೆಂಡತಿಯ ಮಕ್ಕಳಿಗೆ ಜಮೀನು ಬರೆದು ಎಡ್ವರ್ಡನನ್ನು ಹೊರಗಿಟ್ಟಿದ್ದ. ಕೊಟ್ಟಿದ್ದರೆ ಮೊಮ್ಮಗ ಸಮುದ್ರ ದಾಟುತ್ತಿದ್ದನೇ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಮೀನು ಕೊಳ್ಳುವ, ಮಾರುವ, ಉಯಿಲು ಬರೆಯುವ ಹಕ್ಕಿದ್ದ ಬಿಳಿಯ ಗಂಡಸರ ಮಾತು. ಅದೇ ಕಾಲದ ಇನ್ನೊಬ್ಬ ಅಮೆರಿಕನ್, ಫ್ರೆಡೆರಿಕ್ ಡಗ್ಲಸ್, ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದವನು. ಅವನಂಥವರನ್ನು ಹುಡುಕಬೇಕಾದ್ದು ಮಾಲೀಕನ ಆಸ್ತಿಪಟ್ಟಿಯಲ್ಲಿ. 1850 ಮತ್ತು 1860ರ ಗುಲಾಮರ ಪ್ರತ್ಯೇಕ ಗಣತಿಯಲ್ಲಿ ಹೆಸರು ಇರುವುದು ಒಡೆಯನದು. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಹೆಸರಿಲ್ಲ. ಅವರಲ್ಲಿ ಬಹುಪಾಲು ಜನ ಗಣತಿಯಲ್ಲಿ ಮೊದಲ ಸಲ ಹೆಸರಿನೊಂದಿಗೆ ಕಾಣಿಸಿಕೊಂಡದ್ದು 1870ರಲ್ಲಿ. ಕಪ್ಪು ಜನರ ವಂಶ ಹುಡುಕುವವರು 1870 ಒಂದು ಗೋಡೆ ಎನ್ನುವುದು ಇದಕ್ಕೇ. ಡಗ್ಲಸ್ ತಾನು 1817ರಲ್ಲಿ ಹುಟ್ಟಿದೆ ಎಂದುಕೊಂಡೇ ಬದುಕಿದ, ತಾರೀಕು ಯಾರೂ ಹೇಳಿರಲಿಲ್ಲ. ಅವನು ಸತ್ತು ಎಷ್ಟೋ ಕಾಲದ ಮೇಲೆ ಅವನ ಒಡೆಯ ಆರನ್ ಆಂಥೊನಿಯ ಲೆಕ್ಕದ ಪುಸ್ತಕದಲ್ಲಿ ಉತ್ತರ ಸಿಕ್ಕಿತು: ಹ್ಯಾರಿಯಟ್‌ಳ ಮಗ ಫ್ರೆಡೆರಿಕ್ ಅಗಸ್ಟಸ್, ಫೆಬ್ರವರಿ 1818. ಒಡೆಯನಿಗೆ ಬೇಕಿದ್ದದ್ದು ತನ್ನ ಸ್ವತ್ತಿನ ಲೆಕ್ಕ. ಅಪ್ಪನ ಹೆಸರಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಹೆಂಗಸರ ಪಾಡು ಅಷ್ಟು ಘೋರವಲ್ಲದಿದ್ದರೂ ಅವರೂ ಕಾಗದದಲ್ಲಿ ಕಾಣೆಯಾಗುತ್ತಾರೆ. ಮದುವೆಯಾದೊಡನೆ ಮನೆತನದ ಹೆಸರು ಹೋಗುತ್ತದೆ, ಜಮೀನು ಗಂಡನ ಹೆಸರಿನಲ್ಲಿರುತ್ತದೆ. ಲಿಂಕನ್ ವಂಶದಲ್ಲಿ ನಿಜವಾದ ಜಗಳ ಇರುವುದು ಅಮ್ಮನ ಕಡೆ.

1793ರಲ್ಲಿ ಕೆಂಟಕಿಯ ನೆಲ್ಸನ್ ಕೌಂಟಿಯಲ್ಲಿ ಜೋಸೆಫ್ ಹ್ಯಾಂಕ್ಸ್ ಎಂಬ ರೈತ ಉಯಿಲು ಬರೆದ. ನನಗೆ ಈ ಉಯಿಲಿನ ಮೇಲೆ ಒಂದು ಅಕ್ಕರೆ. ಗಂಡುಮಕ್ಕಳಿಗೆ ಒಂದೊಂದು ಕುದುರೆ, ಹೆಣ್ಣುಮಕ್ಕಳಿಗೆ ಒಂದೊಂದು ಕಡಸು, ಎಲ್ಲಕ್ಕೂ ಹೆಸರುಂಟು. ಥಾಮಸನಿಗೆ ಮೇಜರ್ ಎಂಬ ಕುದುರೆ, ಜೋಶುವಾನಿಗೆ ಬಾನಿ ಎಂಬ ಹೆಣ್ಣು ಕುದುರೆ, ಎಲಿಜಬೆತ್‌ಗೆ ಜೆಂಟಲ್ ಎಂಬ ಕಡಸು, ಪಾಲಿಗೆ ಲೇಡಿ, ನ್ಯಾನ್ಸಿಗೆ ಪೈಡಿ. ಕೊಟ್ಟಿಗೆಯಲ್ಲಿ ನಿಂತು ಒಂದೊಂದನ್ನೇ ಕೈತೋರಿಸಿ ಹೇಳಿಸಿದ ಹಾಗಿದೆ. 1899ರ ಹೊತ್ತಿಗೆ ಈ ಉಯಿಲನ್ನು ಹಿಡಿದುಕೊಂಡು, ಪೈಡಿಯನ್ನು ಪಡೆದ ನ್ಯಾನ್ಸಿಯೇ ಲಿಂಕನ್ನನ ತಾಯಿ, ಆಕೆಯ ತಾಯಿ ಶಿಪ್ಲಿ ಮನೆತನದವಳು ಎಂಬ ವಾದ ಅಚ್ಚಾಯಿತು. ಲಿಂಕನ್ ಸ್ಮಾರಕಗಳು ಏಳುತ್ತಿದ್ದ ಕಾಲ ಅದು. ಅವನ ತಾಯಿಗೆ ಮರ್ಯಾದೆಯ ಅಪ್ಪ ಅಮ್ಮ ಸಿಕ್ಕಿದ್ದು ಅನೇಕರಿಗೆ ಸಮಾಧಾನ ತಂದಿತು.

ಸಮಾಧಾನ ಬೇಕಾಗಿದ್ದುದಕ್ಕೆ ಕಾರಣ ಇನ್ನೊಂದು ಕಥೆ. ಲಿಂಕನ್ನನ ವಕೀಲಿ ಪಾಲುದಾರ ವಿಲಿಯಂ ಹೆರ್ನ್‌ಡನ್ ಹೇಳಿದ ಪ್ರಕಾರ, 1850ರ ಸುಮಾರಿಗೆ ಇಬ್ಬರೂ ಕೋರ್ಟಿಗೆಂದು ಕುದುರೆಗಾಡಿಯಲ್ಲಿ ಹೋಗುತ್ತಿದ್ದಾಗ ಲಿಂಕನ್ ತಾನಾಗಿಯೇ ಬಾಯಿಬಿಟ್ಟ. ನನ್ನ ತಾಯಿ ಲೂಸಿ ಹ್ಯಾಂಕ್ಸ್ ಎಂಬವಳಿಗೆ ಮದುವೆಯಿಲ್ಲದೆ ಹುಟ್ಟಿದವಳು, ಆಕೆಯ ಅಪ್ಪ ವರ್ಜೀನಿಯಾದ ಒಬ್ಬ ಕುಲೀನ ಜಮೀನ್ದಾರ ಎಂದ. ಹೆರ್ನ್‌ಡನ್ ಮಾತನ್ನು ಎಷ್ಟು ನಂಬುವುದು ಎಂಬ ಚರ್ಚೆ ಅಂದಿನಿಂದ ನಿಂತಿಲ್ಲ. ಆದರೆ ಲೂಸಿ ಕಾಲ್ಪನಿಕಳಲ್ಲ. ಕೆಂಟಕಿಯ ಮರ್ಸರ್ ಕೌಂಟಿಯಲ್ಲಿ 1789ರಲ್ಲಿ ಮದುವೆಯ ಹೊರಗಿನ ಸಂಬಂಧದ ಆರೋಪ ಆಕೆಯ ಮೇಲೆ ದಾಖಲಾಗಿದೆ. ಮರುವರ್ಷ ಹೆನ್ರಿ ಸ್ಪ್ಯಾರೋ ಎಂಬವನ ಜೊತೆ ಮದುವೆಯ ಲೈಸನ್ಸ್ ಆಗಿದೆ. ಹೆನ್ರಿಗೆ ಲೈಸನ್ಸ್ ಕೊಡಲು ನನ್ನ ಒಪ್ಪಿಗೆಯಿದೆ, ನಾನು ವಯಸ್ಕಳು ಎಂದು ಆಕೆ ಕೊಟ್ಟ ಚೀಟಿಯೂ ಇದೆ. ಜೋಸೆಫನ ಉಯಿಲಿನಲ್ಲಿ ಮಾತ್ರ ಲೂಸಿಯ ಹೆಸರಿಲ್ಲ.

ಗಂಟು ಬಿಡಿಸಲು ಎರಡು ಸಂಗತಿ ಬೇಕಾದವು. ಒಂದು, ನ್ಯಾನ್ಸಿ ಹ್ಯಾಂಕ್ಸ್ ಒಬ್ಬಳಲ್ಲ. ಲೂಸಿಯ ತಂಗಿಯ ಹೆಸರೂ ನ್ಯಾನ್ಸಿ. ಲಿಂಕನ್ನನ ಬಾಲ್ಯದ ಜೊತೆಗಾರ ಡೆನ್ನಿಸ್ ಹ್ಯಾಂಕ್ಸ್ ಆಕೆಯ ಮಗ. ಪೈಡಿ ಕಡಸು ಹೋದದ್ದು ಈ ಚಿಕ್ಕಮ್ಮನ ಕೊಟ್ಟಿಗೆಗೆ. ಇನ್ನೊಂದು, ಡಿಎನ್‌ಎ. ವೈ ಕ್ರೋಮೊಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ, ಲಿಂಕನ್ ಎಂಬ ಹೆಸರು ಹೋದ ಹಾಗೆ. ಮೈಟೊಕಾಂಡ್ರಿಯಾದ ಡಿಎನ್‌ಎ ಅಮ್ಮನಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಲಿಂಕನ್ನನಲ್ಲಿ ನ್ಯಾನ್ಸಿಯದು ಇತ್ತು, ಅವನ ಮಕ್ಕಳಲ್ಲಿ ಮೇರಿಯದು. ನ್ಯಾನ್ಸಿಯ ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಎಳೆ ಅಲ್ಲಿಗೆ ತುಂಡಾಯಿತು.

ಎಳೆ ತುಂಡಾದಾಗ ಒಂದೆರಡು ಮೆಟ್ಟಿಲು ಮೇಲೆ ಹತ್ತಿ, ಇನ್ನೊಂದು ಕಡೆಯಿಂದ ಇಳಿಯಬೇಕು. ಹ್ಯಾಂಕ್ಸ್ ಮನೆಯ ಹೆಣ್ಣುಮಕ್ಕಳ ಹೆಣ್ಣುಮಕ್ಕಳನ್ನು ಕಾಗದಗಳಲ್ಲಿ ಹಿಂಬಾಲಿಸಿ ಇಂದು ಬದುಕಿರುವವರನ್ನು ತಲುಪಬೇಕು. ಶಿಪ್ಲಿ ಮನೆಯ ಕಡೆಯೂ ಹಾಗೆಯೇ ಮಾಡಿ ಎರಡನ್ನೂ ಹೋಲಿಸಬೇಕು. 2015ರಲ್ಲಿ ಹೊರಬಂದ ಅಧ್ಯಯನ ಇಂಥದ್ದು. ನ್ಯಾನ್ಸಿ ಲೂಸಿಯ ಮಗಳು, ಲೂಸಿ ಜೋಸೆಫನ ಹೆಂಡತಿ ಆನ್ ಲೀಯ ಮಗಳು, ಶಿಪ್ಲಿ ವಾದ ನಿಲ್ಲುವುದಿಲ್ಲ ಎಂಬುದು ಅದರ ತೀರ್ಮಾನ. ಆ ಸಾಲಿನ ಹೆಂಗಸರಲ್ಲಿ ಕಂಡದ್ದು ಎಕ್ಸ್1ಸಿ ಎಂಬ ತೀರ ಅಪರೂಪದ ಗುರುತು. ಅಷ್ಟು ಅಪರೂಪದ್ದು ಆಕಸ್ಮಿಕವಾಗಿ ಹೊಂದುವ ಸಂಭವ ಕಡಿಮೆ. ಡಿಎನ್‌ಎ ಒಂದೇ ಇದನ್ನು ಹೇಳಿತು ಎಂದುಕೊಳ್ಳಬೇಡಿ. ಇಂದಿನ ಹೆಂಗಸಿನಿಂದ ಲೂಸಿಯ ಕಾಲದವರೆಗಿನ ಪ್ರತಿ ಮೆಟ್ಟಿಲಿಗೂ ಕಾಗದದ ಆಧಾರ ಬೇಕಾಯಿತು. ಒಂದು ಮೆಟ್ಟಿಲು ತಪ್ಪಿದ್ದರೆ ಪ್ರಯೋಗಾಲಯದ ಉತ್ತರ ಬೇರೆ ಯಾರದೋ ಮನೆಯದಾಗುತ್ತಿತ್ತು.

ಹೆರ್ನ್‌ಡನ್ ಹೇಳಿದ ಕಥೆಯ ಅರ್ಧ ಹೀಗೆ ಗಟ್ಟಿಯಾಯಿತು. ಇನ್ನರ್ಧ, ಆ ವರ್ಜೀನಿಯಾದ ಜಮೀನ್ದಾರ, ಯಾವ ಮುಚ್ಚಳಿಕೆಯಲ್ಲೂ ಇಲ್ಲ, ಯಾವ ಉಯಿಲಿನಲ್ಲೂ ಇಲ್ಲ. ಮೈಟೊಕಾಂಡ್ರಿಯಾ ಗಂಡಸನ್ನು ನೆನಪಿಟ್ಟುಕೊಳ್ಳುವುದಿಲ್ಲ. ಅಪ್ಪ ಅಮ್ಮ ಇಬ್ಬರ ಅಂಶವೂ ಇರುವ ಉಳಿದ ಡಿಎನ್‌ಎ ಪರೀಕ್ಷಿಸೋಣವೆಂದರೆ ಲಿಂಕನ್ನನ ನೇರ ಸಂತಾನದಲ್ಲಿ ಕೊನೆಯವನು, ಮರಿಮಗ ರಾಬರ್ಟ್ ಟಾಡ್ ಲಿಂಕನ್ ಬೆಕ್‌ವಿತ್, 1985ರ ಡಿಸೆಂಬರಿನಲ್ಲಿ ತೀರಿಕೊಂಡ. ಅಪ್ಪನ ಕಡೆ ಸಮುದ್ರದಾಚೆಯ ನೇಕಾರನ ತಾತನವರೆಗೂ ತುಂಬಿಕೊಂಡಿರುವ ವಂಶವೃಕ್ಷದಲ್ಲಿ ಅಮ್ಮನ ಅಪ್ಪನ ಜಾಗ ಖಾಲಿಯಿದೆ. ಕುದುರೆಗಾಡಿಯ ಆ ಮಾತುಕತೆಯಲ್ಲಿ ಲಿಂಕನ್ ಇನ್ನೊಂದು ಮಾತು ಹೇಳಿದನೆಂದು ಹೆರ್ನ್‌ಡನ್ ಬರೆದಿದ್ದಾನೆ: ತನ್ನ ತರ್ಕಬುದ್ಧಿ, ಚುರುಕು, ಮಹತ್ವಾಕಾಂಕ್ಷೆ ಎಲ್ಲವೂ ತನಗೆ ಬಂದದ್ದು ಹೆಸರು ತಿಳಿಯದ ಈ ಅಜ್ಜನಿಂದ ಎಂದು.